ಎದುರುಮನಿ ಅತ್ಯಾರ ಅಂಗಾಲು

ಮೊನ್ನೆ ಡಾಕ್ಟರು ನನಗೂ ಇನ್ಸುಲಿನ್ ಬರದುಕೊಟ್ರು. ನನ್ನ ಸಕ್ಕರಿ ಇನ್ನ ಗುಳಗಿಗೆ ಬಗ್ಗಂಗಿಲ್ಲಂತ. ಬಾಟಲಿ ತಂದು ಫ್ರಿಜ್ಜಿನ ಬಾಗಲಾ ತಗದೆ. ಮೊಸರಿನ ಡಬ್ಬಿ ಬಾಜೂಕ ಇಡಾಕ ಹೋದ ಕೈ ಅಲ್ಲೇ ನಿಂತಬಿಡ್ತು. ಅದು ಎದುರುಮನಿ ಅತ್ಯಾರ ಔಷಧದ ಜಾಗಾ...

ತೊಂಬತ್ತರ ದಶಕದ ಮಾತು. ನಾ ಮದಿವ್ಯಾಗಿ ಗೋಪನಕೊಪ್ಪಕ್ಕ ಬಂದ ಹೊಸದು. ಓಣ್ಯಾಗ ಫ್ರಿಜ್ ಇದ್ದದ್ದು ನಮ್ಮ ಮನ್ಯಾಗ ಒಂದ. ತವರಿನವರು ಕೊಟ್ಟಿದ್ದು, ಅದಕ್ಕ ನನಗ ಒಂದೀಟು ಧಿಮಾಕೂ ಇತ್ತು ಅನ್ರಿ. ಎದುರುಮನಿ ಅತ್ಯಾರು ನನಗ ಸ್ವಂತ ಅತ್ತಿಯಲ್ಲ, ಆದ್ರ ಸ್ವಂತ ಅತ್ತಿಗಿಂತ ಹೆಚ್ಚು ಬೈತಿದ್ರು. ದಿನಾ ಮುಂಜಾನೆ ನಾಷ್ಟಾಕ್ಕ ಮೊದಲ ಬರೋರು. "ಏ ಹುಡುಗೀ, ನನ್ನ ಔಷಧ ತಣ್ಣಗ ಮಲಗೇತೇನವಾ?" ಅಂತ ಕೇಳಿ, ಅಡಗಿಮನಿ ಗ್ವಾಡಿಗೆ ಆನಿಕೊಂಡು ಕುಂತು, ಹೊಟ್ಟಿಗೆ ತಾವ ಸೂಜಿ ಚುಚ್ಚಿಕೊಳ್ಳೋರು. ಒಗ್ಗರಣಿ ವಾಸನ್ಯಾಗ ಸ್ಪಿರಿಟ್ಟಿನ ವಾಸನಿ ಕೂಡತಿತ್ತು. ಕರೆಂಟ್ ಹೋತಂದ್ರ "ಫ್ರಿಜ್ ತಗೀಬ್ಯಾಡವಾ!" ಅಂತ ಎದುರಿಂದನ ಒದರೋರು.

ಔಷಧ ಸರಕಾರಿ ದವಾಖಾನಿದು. ನಸುಕಿನ್ಯಾಗ ಬುತ್ತಿ ಕಟಗೊಂಡು ಹೋದ್ರ, ಪಾಳಿ ಬರೂದ್ರಾಗ ರೊಟ್ಟಿ ಒಣಗಿರತಿತ್ತು. ಡಾಕ್ಟರು ಒಬ್ಬರು, ಮಂದಿ ಹೊರಗ ಗಿಡದ ನೆಳ್ಳಿನ ತನಕ. ಸಕ್ಕರಿ ಎಷ್ಟು, ಔಷಧ ಎಷ್ಟು, ಮುಂದಿನವರು ಬರ್ರಿ... ಅಷ್ಟ. ಅವರ ಮ್ಯಾಲ ನನಗ ಸಿಟ್ಟಿಲ್ಲ. ರೋಗಿ ಮಾರಿ ನೋಡಾಕ ಹೊತ್ತಿಲ್ಲದವರು ಅಂಗಾಲು ಯಾವಾಗ ನೋಡಬೇಕ್ರಿ?

ಅತ್ಯಾರ ತವರು ಶಿರಗುಪ್ಪಿ. ಅವರ ಮಗಳು ಹೆರಿಗ್ಯಾಗ ಸಾಯೂ ಹಂಗಾಗಿ ಬದುಕಿ ಉಳದಾಗಿಂದ, ಅವರು ವರ್ಷಾ ಬ್ಯಾಸಗ್ಯಾಗ ಅಲ್ಲೀ ದ್ಯಾಮವ್ವಗ ಉಡಿ ತುಂಬಾಕ ಬರಿಗಾಲಿಲೆ ನಡಕೊಂಡು ಹೋಗತಿದ್ರು. ತಿರಗಿ ಬಂದಮ್ಯಾಲ ಬಕೀಟಿನ್ಯಾಗ ಕಾಲ ಇಟಗೊಂಡು, ಡಾಂಬರ ಹಾಕಿದವರಿಗೆಲ್ಲಾ ಬಾಯಿತುಂಬ ಬೈತಿದ್ರು. ಆ ವರ್ಷ ಮಾತ್ರ ನಕ್ಕೋತ ಬಂದ್ರು. "ಈ ಸಲಾ ಕಾಲು ಸುಡಲೇ ಇಲ್ಲವಾ! ನಮ್ಮವ್ವ ನನ್ನ ಹೂವಿನ ಮ್ಯಾಲ ನಡಿಸ್ಯಾಳ!"

ಓಣಿ ಹೆಣ್ಮಕ್ಕಳೆಲ್ಲಾ ಕೂಡಿದ್ವಿ. ಸಾಲಾಗಿ ನಿಂತು ಆ ಪಾದಕ್ಕ ನಮಸ್ಕಾರ ಮಾಡಿದ್ವಿ. ನಮ್ಮ ನೆಗೆಣ್ಣಿ ಅಂತೂ ಅರಿಷಿಣ ಹಚ್ಚಿದ್ಲು. ಪಾದದ ಮ್ಯಾಲ ಹಚ್ಚಿದ್ಲು... ಕೆಳಗ ಏನಾಗೇತಿ ಅಂತ ಯಾರೂ ನೋಡಲಿಲ್ಲ.

ಮೂರ್ನಾಕು ದಿನ ಹೋದಮ್ಯಾಲ, ಅವರು ಔಷಧಕ್ಕ ಬಂದಾಗ ನಮ್ಮ ಕೆಂಪ ನೆಲದ ಮ್ಯಾಲ ಹಸಿ ಹೆಜ್ಜಿ ಮೂಡಿತ್ತು. ನೀರು ತುಳದಾರ ಅನಕೊಂಡು ಒರಸಾಕ ಹೋದ್ರ, ಅರಿವಿ ಕೆಂಪಾತು.

"ಅತ್ಯಾರ, ಕಾಲ ಎತ್ರಿ ನೋಡೂಣು."

ಅಂಗಾಲಿನ ಬೊಬ್ಬಿ ಒಡದು, ಚರ್ಮ ಕಿತ್ತು ಬಂದಿತ್ತು. ಅತ್ಯಾರು ಯಾರದೋ ಕಾಲು ನೋಡಿದಂಗ ನೋಡಿದ್ರು. ನೋವಾಗೂದಿಲ್ಲೇನ್ರಿ ಅಂದೆ. ಬೆರಳಿಲೆ ಒತ್ತಿದ್ರು, ಮತ್ತೊಮ್ಮೆ ಒತ್ತಿದ್ರು. ಮಾರಿ ಸಣ್ಣದಾತು.

"ಇಲ್ಲವಾ... ಹಂಗಾರ ಅವತ್ತ ನನ್ನ ನಡಿಸಿದಾಕಿ ದ್ಯಾಮವ್ವ ಅಲ್ಲೇನ?"

ನಾ ಒಂದು ಒಣ ಅರಿವಿ ತಂದು ಅವರ ಕಾಲಿಗೆ ಸುತ್ತಿದೆ.

ಸಕ್ಕರಿ ಒಳಗಿಂದೊಳಗ ನರಾ ತಿಂದು ಕಾಲಿನ ಖಬರ ತಗದೈತಿ ಅಂದ್ರು ದವಾಖಾನ್ಯಾಗ. ಮೊದಲ ಬೆರಳು ತಗದ್ರು. ಕೀವು ಏರಿತು, ಪಾದಾನೂ ಹೋತು. ದಿನಾ ಅಂಗಾಲು ನೋಡಕೋರಿ ಅಂತ ಇಷ್ಟು ವರ್ಷದಾಗ ಯಾರರೆ ಒಂದ ಮಾತು ಹೇಳಿದ್ದರ...

ಅತ್ಯಾರು ಇನ್ನ ಮೂಲಿ ಹಿಡೀತಾರ ಅನಕೊಂಡಿದ್ವಿ. ಎಲ್ಲೀದು! ಬಗಲಾಗ ಕೋಲು ಹಿಡಕೊಂಡು ತಮ್ಮ ಮನಿ ಮುಂದಿನ ಕಟ್ಟಿಗೆ ಬಂದು ಕುಂತ್ರು. ಹೋಗೋ ಬರೋ ಹೆಣ್ಮಕ್ಕಳನ್ನ ನಿಲ್ಲಿಸಿ "ಅಂಗಾಲ ತೋರಸು" ಅನ್ನಾಕತ್ತಿದ್ರು. ಹಿರ್ಯಾರು ಕಾಲ ಮುಟ್ಟಿದ್ರ ಪಾಪ ಬರತೈತಂತ ನಾವು ಹಿಂದ ಸರದ್ರ, "ಪಾಪ ನನಗಿರಲಿ, ಕಾಲ ನಿನಗಿರಲಿ" ಅಂತ ಎಳದು ತೊಡಿ ಮ್ಯಾಲ ಇಟಗೊಳ್ಳೋರು. ಸೆರಗಿಲೆ ಬೆರಳ ಸಂದಿ ಒರಸಿ ನೋಡೋರು. ಕಚಗುಳಿ ಆಗಿ ನಕ್ವಿ ಅಂದ್ರ ಅವರಿಗೆ ಹಿಗ್ಗೋ ಹಿಗ್ಗು. "ನಗತೀಯೇನ? ಛಲೋ ಆತು, ನಿನ್ನ ಕಾಲು ಜೀವಂತ ಐತಿ!" ಬರಿಗಾಲ ಹರಕಿ ಹೊತ್ತಾಕಿಗೆ, "ದ್ಯಾಮವ್ವಗ ನಾ ಹೇಳತೇನಿ, ನೀ ಚಪ್ಪಲ್ ಹಾಕ್ಕೊಂಡ ಹೋಗ" ಅಂತ ತಾವ ಅಪ್ಪಣಿ ಕೊಟ್ಟಬಿಟ್ರು.

ಎರಡು ಸಾವಿರದ ಇಸ್ವಿ ಆದಮ್ಯಾಲ ಒಂದ ಮುಂಜಾನೆ ಅವರ ಎದಿ ನಿಂತಹೋತು. ಆ ನೋವೂ ಅವರಿಗೆ ತಿಳಿಯಲೇ ಇಲ್ಲಂತ. ನಾ ಅವತ್ತ ಅತ್ತಷ್ಟು ನಮ್ಮವ್ವ ಹೋದಾಗೂ ಅತ್ತಿಲ್ಲ.

ಈಗ ಜಳಕ ಆದಮ್ಯಾಲ ನಾನೂ ಮಂಚದ ಮ್ಯಾಲ ಕುಂತು ಅಂಗಾಲು ನೋಡಕೋತೇನಿ. ನಡ ಬಗ್ಗೂದಿಲ್ಲ, ಕೆಳಗ ಸಣ್ಣ ಕನ್ನಡಿ ಹಿಡೀತೇನಿ. ಇವತ್ತ ಮಾಳಿಗಿ ಮ್ಯಾಲ ಸಂಡಿಗಿ ಒಣಗಿಸಾಕ ಹೋದಾಗ ಚಪ್ಪಲ್ ಮರತಹೋತು. ಕಾದ ನೆಲಾ ಚುರ್ ಅಂತ ಸುಟ್ಟಿತು. "ಅತ್ತೀ, ಲಗೂ ನೆಳ್ಳಿಗೆ ಬರ್ರಿ!" ಅಂತ ಸೊಸಿ ಒದರಿದ್ಲು. ನಾ ಒಂದ ಗಳಿಗಿ ಅಲ್ಲೇ ನಿಂತೆ. ಕಣ್ಣಾಗ ನೀರು ಬಂದ್ವು, ನಗೂನೂ ಬಂತು.

ಸುಡಾಕತ್ತೈತ್ರಿ ಅತ್ಯಾರ, ನನ್ನ ಕಾಲು ಇನ್ನೂ ಸುಡಾಕತ್ತೈತಿ... ಅಂತ ಒದರಿ ಹೇಳಬೇಕನಿಸಿತು. ಕೆಳಗ ಎದುರುಮನಿ ಕಟ್ಟಿ ಮ್ಯಾಲ ಯಾರೂ ಇರಲಿಲ್ಲ.