ಡಬ್ಬದ ಶೆಡ್ಡಿನಲ್ಲಿ ಸೇಡಿನ ಕತೆ

ಅಕ್ಕನಷ್ಟು ಪುಕ್ಕಲು ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಜಿರಳೆ ಕಂಡರೆ ಸ್ಟೂಲು ಹತ್ತುವಳು. ಪೊಲೀಸ್ ಜೀಪು ತನ್ನ ಪಾಡಿಗೆ ತಾನು ಹೋದರೂ ನಾನೇನು ತಪ್ಪು ಮಾಡಿದೆನಪ್ಪಾ ಎಂದು ಯೋಚಿಸುತ್ತ ನಿಲ್ಲುವಳು. ರಸ್ತೆ ದಾಟಿಸುವಷ್ಟರಲ್ಲಿ ನನ್ನ ತೋಳು ಹಿಂಡಿ ಹಿಪ್ಪೆ ಮಾಡುವಳು. ಇಂಥವಳಿಗೆ ಅಂಥ ಗಂಟಲು ಎಲ್ಲಿಂದ ಬಂತೋ! ಕೈಗೆ ಪುಸ್ತಕ ಕೊಟ್ಟರೆ ಸಾಕು, ಶೆಡ್ಡಿನ ಮೂಲೆ ಮೂಲೆಗೂ ಕೇಳುವಂತೆ ಓದುತ್ತಿದ್ದಳು.

ನಮ್ಮದು ಚಪ್ಪಲಿ ಅಂಗಡಿಗಳಿಗೆ ರಟ್ಟಿನ ಡಬ್ಬ ಮಾಡುವ ಶೆಡ್ಡು. ಅವಳು ನನ್ನ ಒಡಹುಟ್ಟಿದವಳಲ್ಲ, ಶೆಡ್ಡಿನವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಮಡಿಚು, ಅಂಟು ಬಳಿ, ಒತ್ತು, ಪೇರಿಸು. ಬೆಳಗಿನಿಂದ ಸಂಜೆಯವರೆಗೆ ಅದೇ ರಾಮಾಯಣ. ತಲೆ ಕೆಟ್ಟು ಹೋಗಬಾರದೆಂದು ನಾವೇ ಒಂದು ಏರ್ಪಾಟು ಮಾಡಿಕೊಂಡಿದ್ದೆವು. ಊಟವಾದ ಮೇಲೆ ಅಕ್ಕ ಕೆಲಸ ಬಿಟ್ಟು ಕತೆ ಓದಬೇಕು. ಕೂಲಿ ಡಬ್ಬದ ಲೆಕ್ಕದಲ್ಲಿ, ಅದಕ್ಕೇ ಉಳಿದವರು ತಾವು ಮಾಡಿದ ಡಬ್ಬಗಳಲ್ಲಿ ಒಂದೆರಡನ್ನು ಅವಳ ರಾಶಿಗೆ ಸೇರಿಸಬೇಕು. ಜಿಪುಣಿ ಎಂದು ಹೆಸರಾದ ನಾನೂ ಮುಖ ಸಿಂಡರಿಸದೆ ಸೇರಿಸುತ್ತಿದ್ದೆ.

ಆ ವರ್ಷ ಅವಳು ಹಳೇ ಪುಸ್ತಕದ ಅಂಗಡಿಯಿಂದ ಇಟ್ಟಿಗೆಯಂಥ ಕಾದಂಬರಿಯೊಂದನ್ನು ತಂದಳು. ಫ್ರಾನ್ಸಿನ ಕಡೆಯ ಸೇಡಿನ ಕತೆ, ಯಾರೋ ಅನುವಾದ ಮಾಡಿದ್ದು. ಗಡಿಯಾರ ರಿಪೇರಿ ಮಾಡುವ ಬಡ ಹುಡುಗ, ಮಾಡದ ತಪ್ಪಿಗೆ ಸಮುದ್ರದಂಚಿನ ಕೋಟೆಯಲ್ಲಿ ಸೆರೆ. ಅವನನ್ನು ಅಲ್ಲಿಗೆ ತಳ್ಳಿದವರು ಮೂವರು. ಆ ಹೆಸರುಗಳೋ, ಒಂದೂ ನಮ್ಮ ನಾಲಿಗೆಗೆ ಹೊರಳಲಿಲ್ಲ. ಅಕ್ಕ ತಾನೇ ಹೆಸರಿಟ್ಟಳು. ಹುಡುಗನ ಏಳಿಗೆ ಸಹಿಸದವನು ಹೊಟ್ಟೆಕಿಚ್ಚಪ್ಪ. ನಿಜ ಗೊತ್ತಿದ್ದೂ ತನ್ನ ಹುದ್ದೆ ಉಳಿಸಿಕೊಳ್ಳಲು ಶಿಕ್ಷೆ ಕೊಟ್ಟವನು ಕುರ್ಚಿಸಾಹೇಬ. ತಮ್ಮಾ ತಮ್ಮಾ ಎನ್ನುತ್ತಲೇ ಸುಳ್ಳು ಸಾಕ್ಷಿ ಹೇಳಿದವನು ಬೆಣ್ಣೆಮಾತು. ಈ ಕೊನೆಯ ಹೆಸರು ಕೇಳಿದ್ದೇ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಮ್ಮ ಸೂಪರ್‌ವೈಸರ್ ಹಾಗೇ ಮಾತಾಡುತ್ತಿದ್ದ. ಅಕ್ಕನಿಗೆ ಮಾತ್ರ ಅದು ಹೊಳೆದೇ ಇರಲಿಲ್ಲ. ಹೊಳೆದಾಗ ಮುಖ ಬಿಳಿಚಿಕೊಂಡಿತು, ಆದರೆ ಹೆಸರು ಆಗಲೇ ಅಂಟಿಕೊಂಡಾಗಿತ್ತು.

ಮುಂದೆ ಆದದ್ದು ನಗುವಂಥದ್ದಲ್ಲ. ಒಂದು ಮಧ್ಯಾಹ್ನ ಕಟಿಂಗ್ ಮಿಷನ್ನಿನ ಹೊಸ ಮೋಟರು ಕಾಣೆಯಾಯಿತು. ಪೊಲೀಸರು ಶೆಡ್ಡಿನ ಮೆಕ್ಯಾನಿಕ್ಕನನ್ನು ಹಿಡಿದುಕೊಂಡು ಹೋದರು. ಅವನು ಅಕ್ಕನ ಸ್ವಂತ ತಂಗಿಯ ಗಂಡ. ಆ ಮಧ್ಯಾಹ್ನ ಹಿಂಬಾಗಿಲಲ್ಲಿ ಅವನೇ ಮೋಟರನ್ನು ಆಟೊಗೆ ಹಾಕಿದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಿಕೆ ಕೊಟ್ಟವನು ಸೂಪರ್‌ವೈಸರ್. ಅದು ಹಸಿ ಸುಳ್ಳು. ಆ ಮಧ್ಯಾಹ್ನವೆಲ್ಲ ಮೆಕ್ಯಾನಿಕ್ ನಮ್ಮೆದುರೇ ರಟ್ಟಿನ ಕಟ್ಟಿಗೆ ಒರಗಿ ಕೂತು ಗಡಿಯಾರದ ಹುಡುಗನ ಕತೆ ಕೇಳುತ್ತಿದ್ದ. ನಮಗೆಲ್ಲ ಗೊತ್ತು. ಆದರೆ ಕೆಲಸಕ್ಕೆ ಕುತ್ತು ಬರುತ್ತದೆಂದು ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡೆವು. ಅಕ್ಕನಂತೂ ಪೊಲೀಸರು ಶೆಡ್ಡಿಗೆ ಬಂದ ದಿನ ಬಚ್ಚಲಿನಿಂದ ಹೊರಗೇ ಬರಲಿಲ್ಲ.

ಗಂಡ ಒಳಗಾದ ಮೇಲೆ ತಂಗಿ ನಮ್ಮಲ್ಲೇ ಕೆಲಸಕ್ಕೆ ಸೇರಿದಳು. ಆ ದಿನ ಎಲ್ಲಿದ್ದೆನೆಂದು ಅವನು ಅವಳಿಗೆ ಹೇಳದೆ ಇರುತ್ತಾನೆಯೇ? ಆದರೂ ಅವಳು ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ನಮ್ಮ ನಡುವೆ ಕೂತು ಅಂಟು ಬಳಿಯುತ್ತಿದ್ದಳು, ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೋರ್ಟಿನ ದಿನ ಹತ್ತಿರ ಬಂದಂತೆ ಸೂಪರ್‌ವೈಸರ್ ಕತೆಯ ಹೊತ್ತಿಗೆ ಬಾಗಿಲಲ್ಲಿ ಬಂದು ನಿಲ್ಲತೊಡಗಿದ. ಬೆಣ್ಣೆಮಾತು ಎಂದು ಅಕ್ಕ ಓದಿದಾಗಲೆಲ್ಲ ನಮ್ಮ ತಲೆಗಳು ತಾವಾಗಿಯೇ ತಗ್ಗುತ್ತಿದ್ದವು. ಒಂದು ದಿನ ಅವನು ಅಕ್ಕನನ್ನು ಪಕ್ಕಕ್ಕೆ ಕರೆದ. ನಾನು ಡಬ್ಬ ಪೇರಿಸುವ ನೆಪದಲ್ಲಿ ಅಲ್ಲೇ ಸುಳಿದಾಡಿದೆ.

"ಅಕ್ಕಾ, ಆ ಬೆಣ್ಣೆಮಾತಿಗೆ ಕೊನೇಲಿ ಏನಾಗುತ್ತೆ?"

"ಇನ್ನೂ ಓದಿಲ್ಲ ಸಾರ್." ಸುಳ್ಳು. ಅವಳು ಮನೆಯಲ್ಲಿ ಓದಿ ಮುಗಿಸಿದ್ದಳು. ಹುಡುಗ ಸೆರೆಯಿಂದ ಹೊರಬಂದು ಮೂವರನ್ನೂ ಒಬ್ಬೊಬ್ಬರಾಗಿ ಮಣ್ಣುಮುಕ್ಕಿಸುವುದನ್ನು ನನಗೂ ಹೇಳಿದ್ದಳು.

"ಅವನಿಗೆ ಒಳ್ಳೇದಾಗೋ ಹಾಗೆ ಓದಿ ಅಕ್ಕಾ. ನಿಮ್ಮ ತಂಗಿ ಗಂಡ ನನಗೂ ತಮ್ಮ ಇದ್ದ ಹಾಗೆ. ನನ್ನ ಮನಸ್ಸು ಚೆನ್ನಾಗಿದ್ರೆ ಕೋರ್ಟಲ್ಲಿ, ಸರಿಯಾಗಿ ಕಾಣಿಸಲಿಲ್ಲ ಸ್ವಾಮಿ ಅಂದುಬಿಡ್ತೀನಿ. ಅದೇನು ದೊಡ್ಡ ಮಾತು?"

ಅಕ್ಕ ಮನೆಗೆ ಹೋಗುವಾಗ ದಾರಿಯುದ್ದಕ್ಕೂ, "ಒಂದು ಸುಳ್ಳು ಕತೆ ಓದಿದ್ರೆ ಅವನು ಮನೆಗೆ ಬರ್ತಾನಲ್ಲೇ" ಎಂದು ಅಂದದ್ದನ್ನೇ ಅಂದಳು. ಆ ಮನುಷ್ಯನನ್ನು ನಂಬಬೇಡ ಎನ್ನಬೇಕಿತ್ತು ನಾನು. ನನಗೂ ಹೆದರಿಕೆ, ಹೂಂಗುಟ್ಟಿದೆ.

ಮರುದಿನ ಅವಳು ಪುಸ್ತಕ ತೆರೆದು, ಅದರಲ್ಲಿ ಇಲ್ಲದ್ದನ್ನು ಓದಿದಳು. ಬೆಣ್ಣೆಮಾತು ಕಡಲ ತೀರದಲ್ಲಿ ಮನೆ ಕಟ್ಟಿಸಿದ. ಮೊಮ್ಮಕ್ಕಳನ್ನು ಆಡಿಸಿದ. ಊರವರೆಲ್ಲ ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ದನಿ ಅವಳದಾಗಿರಲಿಲ್ಲ. ಬಾಗಿಲಲ್ಲಿ ಸೂಪರ್‌ವೈಸರ್ ತೃಪ್ತಿಯಿಂದ ತಲೆಯಾಡಿಸುತ್ತಿದ್ದ.

ತಂಗಿ ಬ್ರಷ್ಷು ಕೆಳಗಿಟ್ಟಳು. "ಅಕ್ಕ, ಗಡಿಯಾರದ ಹುಡುಗ?"

"ಅವನು... ಕೋಟೇಲೇ ಇರ್ತಾನೆ."

"ಎಲ್ಲೀವರೆಗೆ?"

ಅಕ್ಕ ಉತ್ತರ ಎಲ್ಲೋ ಇದೆಯೆಂಬಂತೆ ಹಾಳೆ ತಿರುವಿದಳು. ಬೆಣ್ಣೆಮಾತನ್ನು ಉಳಿಸುವ ಆತುರದಲ್ಲಿ ಹುಡುಗನ ಗತಿ ಅವಳಿಗೆ ನೆನಪೇ ಆಗಿರಲಿಲ್ಲ.

ಸೂಪರ್‌ವೈಸರ್ ನಕ್ಕ. "ಇರಲಿ ಬಿಡಮ್ಮಾ, ಕತೆ ತಾನೇ! ಯಾರಾದ್ರೂ ಒಬ್ಬರು ಒಳಗಿರಲೇಬೇಕಲ್ಲ."

ಆ ನಗು ಕೇಳಿದ್ದೇ ನನಗೆ ಅರ್ಥವಾಯಿತು. ಇವನು ಕೋರ್ಟಿನಲ್ಲಿ ಯಾರನ್ನೂ ಬಿಡಿಸುವವನಲ್ಲ. ಅಕ್ಕನಿಗೂ ಗೊತ್ತಾಯಿತು, ಅವಳ ತುಟಿಯ ಬಣ್ಣವೇ ಹೋಗಿತ್ತು.

ತಂಗಿ ಅವನ ಕಡೆ ತಿರುಗಲೂ ಇಲ್ಲ. "ಹುಡುಗ ತಪ್ಪು ಮಾಡಿಲ್ಲ ಅಂತ ಗೊತ್ತಿರೋರು ಆ ಕತೇಲಿ ಒಬ್ಬರೂ ಇಲ್ವಾ ಅಕ್ಕ?"

ಎಲ್ಲರ ಕೈಗಳೂ ನಿಂತುಹೋದವು. ಮೂವರು ದುಷ್ಟರಿಗೆ ಹೆಸರಿಟ್ಟು ನಕ್ಕವರು ನಾವು. ಕಂಡೂ ಕಾಣದಂತಿದ್ದವರಿಗೆ ಹೆಸರಿಡಲು ಯಾರಿಗೂ ತೋಚಿರಲಿಲ್ಲ.

ಅಕ್ಕ ಪುಸ್ತಕ ಮುಚ್ಚಿದಳು. ಎದ್ದು ನಿಂತಳು.

"ಇದ್ದಾರೆ," ಎಂದಳು. "ಆವತ್ತು ಮಧ್ಯಾಹ್ನ ಅವನು ಇಲ್ಲೇ ಕೂತಿದ್ದ. ಓದ್ತಿದ್ದವಳು ನಾನು. ಅವನು ಎದ್ದು ಹೋಗಿದ್ರೆ ನನಗೆ ಕಾಣ್ತಿತ್ತು. ಕೋರ್ಟಿಗೆ ಬಂದು ಹೇಳ್ತೀನಿ."

ಸೂಪರ್‌ವೈಸರ್ ಬಾಗಿಲು ಬಿಟ್ಟು ಒಳಗೆ ಬಂದ. ದನಿಯಲ್ಲಿ ಈಗಲೂ ಬೆಣ್ಣೆಯೇ. "ಅಕ್ಕನಿಗೆ ಹುಷಾರಿಲ್ಲ ಅನ್ಸುತ್ತೆ. ಬೇರೆ ಯಾರಿಗಾದ್ರೂ ಹಾಗೆ ಕಂಡಿತ್ತಾ?"

ಒಬ್ಬೊಬ್ಬರ ಮುಂದೆಯೂ ನಿಂತು, ಮುಖಕ್ಕೆ ಮುಖ ಕೊಟ್ಟು ನೋಡುತ್ತ ಬಂದ. ಮೊದಲನೆಯವಳು ತಲೆ ತಗ್ಗಿಸಿದಳು. ಎರಡನೆಯವಳೂ ಅಷ್ಟೆ. ಅಕ್ಕ ಮೇಜು ಹಿಡಿದು ನಿಂತೇ ಇದ್ದಳು, ಕೂರಲಿಲ್ಲ. ಆಮೇಲೆ ಅವನು ನನ್ನ ಮುಂದೆ ಬಂದ. ನಾನು ಕೈಯಲ್ಲಿದ್ದ ಡಬ್ಬ ಕೆಳಗಿಟ್ಟೆ.

"ನಾನೂ ನೋಡಿದೀನಿ ಸಾರ್," ಎಂದೆ.