ಪಥ್ಯವಿಲ್ಲದ ಗುಳಿಗೆ

ಕಳೆದ ವಾರ ಕಾಯ್ಕಿಣಿಯ ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಾಗ ಭಾವನ ಎಲೆ ನೋಡಿ ನನ್ನ ಎದೆ ಧಸಕ್ಕೆಂದಿತು. ಬದನೆಕಾಯಿ ಪಲ್ಯ! ಅದೂ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

(ಬದನೆಕಾಯಿಗೆ ಹೆದರುವ ಗಂಡಸು ನಾನಲ್ಲ. ತಾಳಿ, ಹೇಳುತ್ತೇನೆ.)

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಭಾವನ ನಿದ್ದೆ ಹೋಯಿತು. ಯಾರೋ ಬೈಯುತ್ತಿದ್ದಾರೆಂದು ತರಕಾರಿ ಗದ್ದೆಯ ನಡುವೆ ನಿಂತು ಗಾಳಿಗೆ ಉತ್ತರ ಕೊಡತೊಡಗಿದರು. ಇಡಗುಂಜಿ ದೇವರಿಗೆ ಹರಕೆಯಾಯಿತು, ನಾಟಿ ಮದ್ದಾಯಿತು. ಕೊನೆಗೆ ನಾನೇ ಅವರನ್ನು ಧಾರವಾಡಕ್ಕೆ, ತಲೆ ಡಾಕ್ಟರ ಬಳಿ ಕರೆದೊಯ್ದೆ.

ಡಾಕ್ಟರು ಹೊಸದಾಗಿ ಬಂದ ಗುಳಿಗೆ ಕೊಟ್ಟರು. ಭಾವನಿಗೆ ಸಂಶಯ.

"ಕೆಟ್ಟದ್ದು ತಲೆ, ನುಂಗೂದು ಹೊಟ್ಟೆಗೆ. ಇದಕ್ಕೆ ದಾರಿ ಗೊತ್ತಾಗೂದು ಹ್ಯಾಂಗೆ?"

(ನನಗೂ ಅದೇ ಸಂಶಯ. ಮ್ಯಾಟ್ರಿಕ್ ಪಾಸಾದವನೆಂದು ಸುಮ್ಮನಿದ್ದೆ.)

ರಕ್ತದಲ್ಲಿ ಬೆರೆತು ಮಿದುಳಿಗೆ ಹೋಗುತ್ತದಂತೆ, ಅಲ್ಲಿಯ ಗಲಾಟೆ ನಿಧಾನವಾಗಿ ಇಳಿಸುತ್ತದಂತೆ. ಬಾಯಿ ಒಣಗಬಹುದು, ತೂಕಡಿಕೆ ಬರಬಹುದು, ಕೈ ನಡುಗಬಹುದು, ಬಿಸಿಲಿಗೆ ಚರ್ಮ ಸುಡಬಹುದು. ತೊಂದರೆಯಾದರೆ ಬಂದು ಹೇಳಿ, ಆರಾಮಾಯಿತೆಂದು ನೀವಾಗಿ ನಿಲ್ಲಿಸಬೇಡಿ ಎಂದರು ಡಾಕ್ಟರು.

"ಪಥ್ಯ ಎಂತದು?" ಭಾವ ಕೇಳಿದರು.

"ಏನಿಲ್ಲ, ಎಲ್ಲಾ ತಿನ್ರಿ."

ಕೆಲಸ ಕೆಟ್ಟಿತು! ವಾಪಸು ಬರುವಾಗ ಹೊನ್ನಾವರದ ಲಾಂಚಿನಲ್ಲಿ ಭಾವ ಗುಳಿಗೆಯ ಪೊಟ್ಟಣವನ್ನು ಹೊಳೆಗೆಸೆಯಲು ಕೈ ಎತ್ತಿದರು. "ಪಥ್ಯ ಇಲ್ದಿದ್ದದ್ದು ಔಷಧವಾ ಮಾರಾಯ? ಪೆಪ್ಪರಮೆಂಟು!" ನಮ್ಮ ಕಡೆ ನೆಗಡಿಯ ಕಷಾಯಕ್ಕೂ ಪಥ್ಯವಿದೆ. ಬಾಯಿ ಕಟ್ಟದ ಮದ್ದಿಗೆ ಯಾರು ಮರ್ಯಾದೆ ಕೊಡುತ್ತಾರೆ, ನೀವೇ ಹೇಳಿ?

ಕೈ ಹಿಡಿದು ಸುಳ್ಳು ಬಿಟ್ಟೆ. "ಮರ್ತೇ ಹೋಗಿತ್ತು ಭಾವ! ಬದನೆಕಾಯಿ ಮುಟ್ಟೂಕಾಗ ಅಂತ ಡಾಕ್ಟ್ರು ನನ್ನ ಹತ್ರ ಹೇಳಿದ್ರು."

ಭಾವನ ಮುಖ ಅರಳಿತು. ಆಮೇಲೆ ಒಂದು ಗುಳಿಗೆಯೂ ತಪ್ಪಲಿಲ್ಲ. ಬಾಯಿ ಒಣಗಿದರೂ ನುಂಗಿದರು, ಹಾಡುಹಗಲೇ ತೂಕಡಿಸುತ್ತಲೂ ನುಂಗಿದರು. ಬಿಸಿಲಿಗೆ ಮಾತ್ರ ಧಾರಾಳವಾಗಿ ಹೋಗಿ ಕತ್ತು ಸುಟ್ಟುಕೊಂಡರು. ನನ್ನ ಬದನೆಕಾಯಿಯ ಎದುರು ಡಾಕ್ಟರ ಮಾತು ಯಾರಿಗೆ ಬೇಕು? ಎರಡು ತಿಂಗಳಲ್ಲಿ ಬೈಯುವ ದನಿಗಳು ಅಡಗಿದವು. ನಾನು ಮೀಸೆ ತಿರುವಿದೆ.

ಅದಕ್ಕೇ ಕಳೆದ ವಾರ ಗಾಬರಿಯಿಂದ ಕೇಳಿದೆ, "ಭಾವ, ಪಥ್ಯ?"

"ಆರಾಮಾತಲ್ಲ, ಇನ್ನೆಂತ ಪಥ್ಯ? ಗುಳಿಗೆನೂ ಬಿಟ್ಟೆ. ಹದಿನೈದು ದಿನ ಆತು."

ರೋಗ ಹೋದರೆ ಪಥ್ಯ ಬಿಡುವುದು, ಪಥ್ಯದ ಜೊತೆ ಮದ್ದೂ ಬಿಡುವುದು. ನಮ್ಮ ಕಾನೂನೇ ಅದು. ಆ ಕಾನೂನಿಗೆ ಗುಳಿಗೆಯನ್ನು ಸೇರಿಸಿದ ಜಾಣ ನಾನೇ! ಮೂರು ದಿನದಿಂದ ಇವರಿಗೆ ಮತ್ತೆ ನಿದ್ದೆಯಿಲ್ಲವೆಂದು ಅಕ್ಕ ಕಣ್ಣೊರೆಸಿಕೊಂಡಳು. ಡಾಕ್ಟರು ಹೇಳಿದ್ದನ್ನೂ ನಾನು ಹೇಳಿದ್ದನ್ನೂ ಬೇರೆ ಬೇರೆ ಮಾಡಿ ಒಪ್ಪಿಸಿದೆ.

ಭಾವ ಬಿದ್ದು ಬಿದ್ದು ನಕ್ಕರು. ನಾಳೆಯೇ ಧಾರವಾಡಕ್ಕೆ ಹೋಗುವಾ ಎಂದರು.

ಅಕ್ಕ ನಗಲಿಲ್ಲ. "ಅವ್ರಿಗೆ ಸುಳ್ಳು ಹೇಳ್ದೆ, ಆತು. ದಿನಾ ಗುಳಿಗೆ ಕೊಡುವವ್ಳು ನಾನಲ್ವಾ ತಮ್ಮಾ, ನಂಗೆ ನಿಜ ಹೇಳೂಕೆ ನಿಂಗೆ ಎಂತ ಆಗಿತ್ತು?"