ಎರಡೂ ಕೈಗಳಲ್ಲಿ ಹಿಡಿದ ಡಿಸ್ಕ್

ಹೆಬ್ಬಗೋಡಿಯಲ್ಲಿ ನಮ್ಮ ಪಕ್ಕದ ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರು ಯಾರ ಹಾರ್ಡ್ ಡಿಸ್ಕನ್ನಾದರೂ ಎರಡೂ ಕೈಗಳಲ್ಲಿ ತೆಗೆದುಕೊಳ್ಳುತ್ತಿದ್ದರು. ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯಲ್ಲಿ ಬಳಸಿದ ಡಿಸ್ಕನ್ನು ಸಾಮಾನ್ಯ ಕಂಪ್ಯೂಟರುಗಳ ವಿಂಡೋಸ್ ಓದಲಾರದೆ, ಫಾರ್ಮ್ಯಾಟ್ ಮಾಡಲೇ, ಅಂದರೆ ಇದ್ದದ್ದನ್ನೆಲ್ಲ ಅಳಿಸಲೇ, ಎಂದು ಕೇಳುತ್ತದೆ. ಗಾಬರಿಯಿಂದ ಬಂದವರಿಗೆಲ್ಲ ಅವರದು ಒಂದೇ ಮಾತು: "ಖಾಲಿ ಆಗಿಲ್ಲ ಕಣ್ರೀ, ವಿಂಡೋಸ್‌ಗೆ ಓದಕ್ ಬರಲ್ಲ ಅಷ್ಟೇ."

ಒಂದು ದಿನ ಹಿಂದಿನ ಬೀದಿಯ ಹೆಂಗಸೊಬ್ಬರು ತೀರಿಹೋದ ಗಂಡನ ಡಿಸ್ಕ್ ತಂದರು.

"ಏನೋ ಕೇಳ್ತು, ಯೆಸ್ ಒತ್ತಿದ್ಮೇಲೆ ಸರಿಹೋಯ್ತಣ್ಣ. ನಮ್ ತಮ್ಮ ಸಿನಿಮಾನೂ ತುಂಬ್ಕೊಟ್ಟ. ಅವ್ರು ಮಗೂಗೆ ಹಾಡ್ತಿದ್ದ ವಿಡಿಯೊ ಮಾತ್ರ ಕಾಣ್ತಿಲ್ಲ. ಇರೋದು ಅದೊಂದೇ. ಖಾಲಿ ಆಗಿಲ್ಲ ಅಲ್ವಾ?"

ರಿಪೇರಿಯವರು ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿ ಸಂಜೆಯವರೆಗೂ ಹುಡುಕಿದರು. ಕೊನೆಗೆ ಡಿಸ್ಕನ್ನು ಎರಡೂ ಕೈಗಳಲ್ಲಿ ಚಾಚಿ, "ಸಿನಿಮಾಗಳಷ್ಟೇ ಸಿಗ್ತಿವೆ ಅಕ್ಕ" ಎಂದರು.

ತೆಗೆದುಕೊಳ್ಳಲು ಆಕೆ ಕೈ ಎತ್ತಲಿಲ್ಲ. ಅವರು ಹಾಗೆಯೇ ಹಿಡಿದು ನಿಂತಿದ್ದರು.